ಕತ್ರಿಗುಪ್ಪೆ ಮನೆಗೆ ಬಂದಿದ್ದ ಫೋನು

ನಂದಿನಿ, ಸುಹಾಸ,

ಹೋದ ತಿಂಗಳು ನನ್ನ ಕಣ್ಣು ತೋರಿಸಲು ನಿಮ್ಮ ಅಪ್ಪ ಕತ್ರಿಗುಪ್ಪೆಗೆ ಕರೆದುಕೊಂಡು ಹೋಗಿದ್ದನಲ್ಲ, ಬಂದ ಮೇಲೆ ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಏಕೆ ಅಜ್ಜಿ ಎಂದು ನೀವಿಬ್ಬರೂ ಕೇಳಿದಿರಿ. ಕಣ್ಣಿಗೆ ಹಾಕಿದ ಔಷಧಿಯಿಂದ ತಲೆನೋವು ಅಂದೆ. ಅದು ಸುಳ್ಳು. ನಾನು ಹೇಳಿದ ಸುಳ್ಳುಗಳು ಜಾಸ್ತಿ ಇಲ್ಲ, ಆದರೆ ಒಂದಿದೆ. ಅದನ್ನು ಬರೆಯಲು ಕೂತಿದ್ದೇನೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ಆಸ್ಪತ್ರೆಯ ಹಿಂದಿನ ರಸ್ತೆಯಲ್ಲೇ ನಾವು ಬಾಡಿಗೆಗೆ ಇದ್ದ ಮನೆ. ಅದನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಒದ್ದೆ ಸಿಮೆಂಟು, ನೆನೆದ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಕಾಂಪೌಂಡಿಗೆ ಒರಗಿಸಿ ಹಳೆಯ ಹಸಿರು ಬಾಗಿಲೊಂದನ್ನು ನಿಲ್ಲಿಸಿದ್ದರು. ನಡುವೆ ಒಂದು ಅಡ್ಡಗೀರು, ಬಣ್ಣ ಹೋಗಿ ಮರ ಕಾಣುತ್ತಿತ್ತು. ನಮ್ಮ ಬಾಗಿಲು. ನಿಮ್ಮ ಅಪ್ಪ ಗುರುತಿಸಲಿಲ್ಲ. "ಬಾಮ್ಮಾ, ಬಿಸಿಲು" ಎಂದು ಕೈ ಹಿಡಿದು ಎಳೆದ.

ಆ ಬಾಗಿಲು ಬಂದ ವರ್ಷದ ಕಥೆ ಇದು. ನಿಮ್ಮ ಅಪ್ಪ ಆಗ ಹತ್ತನೇ ಕ್ಲಾಸು. ನಿಮ್ಮ ತಾತ ವಿಮಾನ ತಯಾರಿಸುವ ದೊಡ್ಡ ಸರಕಾರಿ ಸಂಸ್ಥೆಯೊಂದರಲ್ಲಿದ್ದರು. ಆಗ ಮಾಡುತ್ತಿದ್ದ ವಿಮಾನದ ಹೆಸರನ್ನು ಅವರು ಮನೆಯಲ್ಲಿ ಯಾವತ್ತೂ ಹೇಳಿದವರಲ್ಲ. ಒಂದು ಕಾಗದವನ್ನೂ ಮನೆಗೆ ತಂದವರಲ್ಲ. ಪೆನ್ನು ಕೂಡ ಆಫೀಸಿನದು ಆಫೀಸಿನಲ್ಲೇ.

ಮನೆಯ ಮಾಲೀಕರು ಮುನಿಯಪ್ಪನವರು. ಹಿಂದೆ ಅಲ್ಲೆಲ್ಲ ಅವರದೇ ರಾಗಿ ಹೊಲ. ಬಡಾವಣೆ ಬಂದ ಮೇಲೆ ಹೊಲದ ಒಂದು ಮೂಲೆ ಅವರಿಗೆ ಉಳಿಯಿತು. ಅದರಲ್ಲಿ ಮುಂದೆ ಅವರ ಮನೆ, ಹಿಂದೆ ನಮ್ಮದು. ಆ ವರ್ಷ ಮಗಳ ಮದುವೆಗೆ ಮುಂಚೆ ಮಹಡಿ ಏಳಬೇಕೆಂದು ಹಟ ಹಿಡಿದು ಕಟ್ಟಿಸುತ್ತಿದ್ದರು. ನೆಲದಡಿಯ ನೀರಿನ ತೊಟ್ಟಿಗೆ ಜಾಗ ಸಾಲದೆ ಮೇಸ್ತ್ರಿ ಮೆಟ್ಟಿಲನ್ನು ಒಂದು ಅಡಿ ಈಚೆ ಸರಿಸಿದ. ಬಡಗಿಗೆ ಹೇಳಲಿಲ್ಲ. ಬಡಗಿ ಮೊದಲ ಅಳತೆಗೇ ನಮ್ಮ ಮನೆಯ ಬಾಗಿಲು ಮಾಡಿ ತಂದು ಕೂರಿಸಿದ. ತೆರೆದರೆ ಮೆಟ್ಟಿಲಿಗೆ ತಗುಲಿ ಅರ್ಧಕ್ಕೇ ನಿಂತಿತು.

ಮುನಿಯಪ್ಪನವರು ಕೂಗಾಡಿದರು. "ಏನಯ್ಯಾ ಇದು, ಬಾಡಿಗೆಯೋರು ಏಡಿ ತರ ಅಡ್ಡಡ್ಡ ನಡ್ಕೊಂಡ್ ಹೋಗ್ಬೇಕಾ?"

"ನನ್ ಅಳತೆ ಸರಿಯಾಗೈತೆ ಗೌಡ್ರೆ, ಬೇಕಾರೆ ಟೇಪು ಹಿಡೀರಿ" ಅಂದ ಬಡಗಿ.

"ನನ್ ಮೆಟ್ಲೂ ಸರಿಯಾಗೇ ಐತೆ" ಅಂದ ಮೇಸ್ತ್ರಿ.

ನಿಮ್ಮ ತಾತ ನಕ್ಕರು. ಒಳಗೆ ಬಂದು ನನಗೆ ಹೇಳಿದರು: "ನೋಡಿದ್ಯಾ ಜಯಾ, ಮೆಟ್ಟಿಲೂ ಸರಿ, ಬಾಗಿಲೂ ಸರಿ, ಮನೆ ತಪ್ಪು. ಇವರಿಬ್ಬರ ಮಧ್ಯೆ ನಿಂತ್ಕೊಂಡು, ಇವನು ಬದಲಾಯಿಸಿದ್ದನ್ನ ಅವನಿಗೆ ಹೇಳ್ತಾನಲ್ಲ, ಅದೇ ನನ್ನ ಕೆಲಸ."

ಮದುವೆಯಾಗಿ ಹದಿನೇಳು ವರ್ಷವಾಗಿತ್ತು. ಅವರ ಕೆಲಸ ಏನೆಂದು ನನಗೆ ಅರ್ಥವಾದದ್ದು ಅವತ್ತು.

ಆಮೇಲೆ ಆಗಾಗ ಹೇಳುತ್ತಿದ್ದರು, ಹೆಸರು ಊರು ಬಿಟ್ಟು. ವಿಮಾನ ಮೊದಲು ಹುಟ್ಟುವುದು ಕಾಗದದ ಮೇಲಂತೆ. ಎಷ್ಟು ಎತ್ತರ ಹಾರಬೇಕು, ಎಷ್ಟು ಬಿಸಿ ತಡೆಯಬೇಕು ಎಂದು ಸಾವಿರಾರು ಸಾಲು. ಒಂದೊಂದು ಸಾಲಿಗೂ ಒಂದು ನಂಬರು. ಆ ಸಾಲು ಯಾವ ನಕ್ಷೆಯಾಯಿತು, ಯಾವ ಭಾಗವಾಯಿತು, ಯಾವ ಪರೀಕ್ಷೆಯಲ್ಲಿ ಪಾಸಾಯಿತು ಎಂದು ಕೊನೆಯತನಕ ಬೆನ್ನು ಹತ್ತಿ ಹೋಗಬೇಕು. ರೆಕ್ಕೆ ಮಾಡುವವರು ಒಂದು ಕಡೆ, ತಂತಿ ಎಳೆಯುವವರು ಒಂದು ಕಡೆ, ಗಾಳಿಯ ಕೊಳವೆಯವರು ಇನ್ನೊಂದು ಕಡೆ. ಯಾರು ಏನು ಬದಲಾಯಿಸಿದರೂ ಒಂದು ಹಾಳೆ ಹೊರಡಬೇಕು, ಸಂಬಂಧಪಟ್ಟವರ ಮೇಜನ್ನೆಲ್ಲ ಸುತ್ತಿ ಕೊನೆಗೆ ಇವರ ಮೇಜಿಗೆ ಬರಬೇಕು. ಇವರ ಸಹಿ ಬಿದ್ದ ಮೇಲೆಯೇ ಕೆಲಸ.

ಆ ಹಾಳೆಯ ಕೊನೆಯಲ್ಲಿ ಇವರೇ ಹಟ ಮಾಡಿ ಸೇರಿಸಿದ್ದ ಒಂದು ಖಾನೆ ಇತ್ತಂತೆ: "ಏಕೆ?" ಯಾಕೆ ಒಪ್ಪಿದೆವು, ಯಾವುದನ್ನು ನಂಬಿ ಒಪ್ಪಿದೆವು ಎಂದು ಅಲ್ಲಿ ಬರೆಯಬೇಕು.

"ಅದ್ಯಾಕೆ ಅಷ್ಟು ಬರೀಬೇಕು?" ಅಂತ ನಾನು ಕೇಳಿದ್ದೆ.

"ವಿಮಾನಕ್ಕೆ ಮೂವತ್ತು ವರ್ಷ ಆಯಸ್ಸು ಕಣೇ. ಬಿಚ್ಚಿ ಗುಜರಿಗೆ ಹಾಕೋ ಹೊತ್ತಿಗೆ ಮಾಡಿದವರು ಯಾರೂ ಇರೋಲ್ಲ. ರಿಪೇರಿ ಮಾಡೋ ಹುಡುಗನಿಗೆ, ಇದನ್ನ ಹೀಗ್ಯಾಕೆ ಮಾಡಿದ್ರು ಅಂತ ಹೇಳೋರು ಯಾರು? ನಾನು ಸತ್ತಮೇಲೂ ಹೇಳ್ಬೇಕಲ್ಲ."

ಮೇಲಿನವರಿಗೆ ಆ ಖಾನೆ ಇಷ್ಟವಿರಲಿಲ್ಲ. "ಶ್ರೀಕಂಠಯ್ಯ, ವಿಮಾನ ಮಾಡ್ತೀರೋ ಕಾದಂಬರಿ ಬರೀತೀರೋ" ಎಂದು ಮೀಟಿಂಗಿನಲ್ಲಿ ನಗುತ್ತಿದ್ದರಂತೆ.

ನಗದೆ ಇದ್ದವನು ಒಬ್ಬನೇ, ಬಸವರಾಜ. ಗದಗಿನ ಕಡೆಯ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ. ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದ. ವಿಮಾನದೊಳಗಿನ ಯಾವುದೋ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುವ ವಿಭಾಗದವನು. ತಿಂಗಳಿಗೆ ಎರಡು ಭಾನುವಾರ ನಮ್ಮ ಮನೆಯಲ್ಲೇ ಊಟ. ನನ್ನನ್ನು "ವೈನಿ" ಅನ್ನುತ್ತಿದ್ದ. ಆ ಕಡೆ ಅತ್ತಿಗೆಗೆ ಹಾಗೆ ಅನ್ನುತ್ತಾರಂತೆ. ನನಗೆ ಮೈದುನರಿಲ್ಲ. ಹಾಗೆ ಕರೆದಾಗ ಹಿತವಾಗುತ್ತಿತ್ತು, ಆದರೆ ಉತ್ತರ ಕೊಡಲು ನಾಚಿಕೆ. ಬಾಗಿಲ ಹಿಂದೆ ನಿಂತೇ ಮಾತು.

"ವೈನಿ, ನಿಮ್ಮ ಮುದ್ದಿ ನುಂಗೂದು ಕಲತೆ ನೋಡ್ರಿ. ಇನ್ನ ನಮ್ಮ ಊರಾಗ ನನಗ ಹೆಣ್ಣು ಕೊಡಾಂಗಿಲ್ಲ."

ನಿಮ್ಮ ತಾತ ಗಟ್ಟಿಯಾಗಿ ನಗುತ್ತಿದ್ದರು. ಅವರು ಹಾಗೆ ನಗುತ್ತಿದ್ದುದು ಅವನು ಬಂದಾಗ ಮಾತ್ರ.

ನನ್ನ ನಾಚಿಕೆಯ ವಿಷಯ ನಿಮಗೆ ಗೊತ್ತು, ಪೂರ್ತಿ ಗೊತ್ತಿಲ್ಲ. ಈಗ ನೀವು ತಮಾಷೆ ಮಾಡುತ್ತೀರಿ, ಅಜ್ಜಿ ವೀಡಿಯೊ ಕಾಲ್‌ನಲ್ಲಿ ಹಣೆ ಮಾತ್ರ ತೋರಿಸ್ತಾರೆ ಅಂತ. ನಾನು ಮಾಗಡಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಹಾಜರಿ ಕೂಗಿದಾಗ "ಬಂದಿದೀನಿ" ಅನ್ನಲು ಧೈರ್ಯವಿರಲಿಲ್ಲ. ಪಕ್ಕದವಳು ನನ್ನ ಪರವಾಗಿ ಕೂಗುತ್ತಿದ್ದಳು. ಬೆಂಗಳೂರಿಗೆ ಬಂದ ಮೇಲೂ ಅಂಗಡಿಗೆ ಚೀಟಿ ಬರೆದುಕೊಂಡೇ ಹೋಗುತ್ತಿದ್ದೆ. ಜನ ಇದನ್ನು ಒಳ್ಳೆಯ ಗುಣ ಅಂದರು. ಎಷ್ಟು ಸಂಕೋಚದ ಹೆಣ್ಣುಮಗಳು ಎಂದು ಹೊಗಳಿದರು. ಅದರಿಂದ ಒಬ್ಬರ ಬದುಕು ಹಾಳಾಗಬಹುದು ಎಂದು ಯಾರೂ ಹೇಳಲಿಲ್ಲ.

ನಮ್ಮ ಮನೆಗೆ ಫೋನು ಇರಲಿಲ್ಲ. ಮುನಿಯಪ್ಪನವರ ಹಾಲಿನಲ್ಲಿ ಒಂದಿತ್ತು, ಮೇಲೆ ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದರು. ಅವರ ನಂಬರನ್ನೇ ನಾವು ಕೊಡುತ್ತಿದ್ದೆವು. ಯಾರಾದರೂ ಮಾಡಿದರೆ ಅವರ ಕಿರಿಯ ಮಗಳು ಮಂಜುಳಾ ಹಿತ್ತಿಲಿಗೆ ಬಂದು ಕೂಗುತ್ತಿದ್ದಳು, ತಾತ ಹೋಗಿ ಮಾತಾಡುತ್ತಿದ್ದರು. ನಾನು ಆ ಫೋನು ಮುಟ್ಟಿದವಳಲ್ಲ.

ಶ್ರಾವಣದ ಒಂದು ಶನಿವಾರ. ಮುನಿಯಪ್ಪನವರ ಹಿರಿಯ ಮಗಳ ನಿಶ್ಚಿತಾರ್ಥ. ಜಡಿಮಳೆ. ಮಹಡಿ ಮುಗಿದಿರಲಿಲ್ಲ, ಸೋರುತ್ತಿತ್ತು; ಹಾಗಾಗಿ ಗಂಡಿನ ಕಡೆಯವರೆಲ್ಲ ಕೆಳಗಿನ ಹಾಲಿನಲ್ಲೇ ಜಮಖಾನೆಯ ಮೇಲೆ ಕೂತಿದ್ದರು. ನಾನು ಅವರ ಅಡಿಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬಲು ಕೂತಿದ್ದೆ. ಹಳೆಯ ಸೀರೆ, ಸೊಂಟಕ್ಕೆ ಎತ್ತಿ ಕಟ್ಟಿದ್ದೆ, ಮೊಣಕೈವರೆಗೆ ಬೇಳೆ. ತಾತ ಮಗನಿಗೆ ನೋಟ್‌ಬುಕ್ ಕೊಡಿಸಲು ಗಿರಿನಗರದ ಕಡೆ ಹೋಗಿದ್ದರು.

ಫೋನು ಬಂತು. ಮಂಜುಳಾ ಅಡಿಗೆಮನೆಯ ಬಾಗಿಲಿಗೆ ಬಂದಳು.

"ಆಂಟಿ, ಅಂಕಲ್ ಇದಾರಾ? ಬಸವರಾಜ್ ಅಂತೆ. ತುಂಬಾ ಅರ್ಜೆಂಟಂತೆ."

"ಹೊರಗೆ ಹೋಗಿದಾರಮ್ಮ."

ಅವಳು ಹೋಗಿ ಹೇಳಿ ಮತ್ತೆ ಬಂದಳು. "ಹಂಗಾದ್ರೆ ನೀವೇ ಬರ್ಬೇಕಂತೆ ಆಂಟಿ. ರೈಲ್ವೆ ಸ್ಟೇಷನ್ನಿಂದ ಮಾಡ್ತಿದಾರೆ. ಒಂದೇ ಮಾತು ಹೇಳೋದಿದೆಯಂತೆ."

ನಾನು ಎದ್ದೆ. ಕೈ ಒರೆಸಿಕೊಂಡು ಹಾಲಿನ ಬಾಗಿಲವರೆಗೆ ಬಂದೆ. ಫೋನು ಐದು ಹೆಜ್ಜೆ ದೂರ, ರಿಸೀವರು ಪಕ್ಕದಲ್ಲಿ ಮಲಗಿತ್ತು. ನಡುವೆ ಇಪ್ಪತ್ತು ಜನ ಗಂಡಸರು. ಎಲ್ಲರೂ ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ಗಂಡಿನ ಚಿಕ್ಕಪ್ಪನೋ ಯಾರೋ ಒಬ್ಬ, ವೀಳ್ಯ ಅಗಿಯುತ್ತಾ, "ಯಾರಮ್ಮ ಅದು, ಯಜಮಾನ್ರಿಲ್ದಿರೋ ಹೊತ್ತಲ್ಲಿ ಫೋನು?" ಅಂದ. ತಮಾಷೆಗೇ ಅಂದಿರಬೇಕು. ನಾಲ್ಕು ಜನ ನಕ್ಕರು.

"ನಾನೂ ಇಲ್ಲ ಅಂತ ಹೇಳಿಬಿಡು ಮಂಜುಳಾ" ಅಂದು ಒಳಗೆ ಬಂದುಬಿಟ್ಟೆ.

ಅಷ್ಟೇ. ನಾನು ಮಾಡಿದ್ದು ಅಷ್ಟೇ.

ತಾತ ಬಂದಾಗ ಹೇಳಬೇಕೆಂದೇ ಇದ್ದೆ. ಬಸವರಾಜನ ಫೋನು ಅಂದರೆ, ಏನಂತೆ ಅನ್ನುತ್ತಾರೆ. ಗೊತ್ತಿಲ್ಲ ಅಂದರೆ, ಯಾಕೆ ಹೋಗಲಿಲ್ಲ ಅನ್ನುತ್ತಾರೆ. ಕಾಫಿ ಕುಡಿದ ಮೇಲೆ ಹೇಳೋಣ ಅಂದುಕೊಂಡೆ. ಕಾಫಿ ಆಯಿತು. ಹೋಳಿಗೆ ಊಟವಾಯಿತು. ಮುಖ್ಯವಿದ್ದರೆ ಮತ್ತೆ ಮಾಡುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಭಾನುವಾರ ಮರೆತೂ ಹೋಯಿತು.

ಅವನು ಹೇಳಬೇಕೆಂದಿದ್ದ ಒಂದು ಮಾತು ನನಗೆ ಗೊತ್ತಾದದ್ದು ಎರಡು ವಾರದ ನಂತರ. ಗಾಳಿಯ ಕೊಳವೆಯವರು ತೂಕ ಉಳಿಸಲು ಕೊಳವೆಯನ್ನು ಸಣ್ಣದು ಮಾಡಿದ್ದರು. ಆ ಹಾಳೆ ತಾತನ ಮೇಜಿಗೆ ಬಂದಿತ್ತು. ಆ ಕೊಳವೆಯ ಗಾಳಿಯಿಂದಲೇ ಬಸವರಾಜನವರ ಪೆಟ್ಟಿಗೆ ತಣ್ಣಗಾಗಬೇಕು. ತಾತ ಲೆಕ್ಕ ಹಾಕಿ, ಈಗಿರುವ ಪೆಟ್ಟಿಗೆಗೆ ಸಾಕು ಎಂದು ಕಂಡುಕೊಂಡಿದ್ದರು. ಆದರೆ ಪೆಟ್ಟಿಗೆಯವರು ಆಗಲೇ ಹೊಸ ಪೆಟ್ಟಿಗೆ ಮಾಡಿದ್ದರು, ಅದು ಹೆಚ್ಚು ಬಿಸಿಯಾಗುವಂಥದ್ದು. ಯಾರೋ ದೊಡ್ಡವರು ಬರುವವರಿದ್ದರಂತೆ, ಅವರಿಗೆ ತೋರಿಸಲು ಹೊಸದನ್ನೇ ಕೂರಿಸಬೇಕು, ಹಾಳೆ ಆಮೇಲೆ ಕಳಿಸಿದರಾಯಿತು ಎಂದು ಅವರ ಮುಖ್ಯಸ್ಥರ ಅಪ್ಪಣೆ. ಬಸವರಾಜ ಬೇಡವೆಂದಿದ್ದಾನೆ. ಅವನಿಗೆ ಬೈದಿದ್ದಾರೆ. ಅಷ್ಟರಲ್ಲಿ ಊರಲ್ಲಿ ತಾಯಿಗೆ ಕಾಯಿಲೆ ಜೋರು ಎಂದು ತಂತಿ ಬಂತು. ಸಂಜೆಯ ರೈಲು. ಹೊರಡುವ ಮೊದಲು ಸ್ಟೇಷನ್ನಿನಿಂದ ಫೋನು: ಸೋಮವಾರ ಸಹಿ ಹಾಕಬೇಡಿ.

ಸೋಮವಾರ ತಾತ ಸಹಿ ಹಾಕಿದರು.

ಕೊಳವೆ ಮೊದಲೇ ತಯಾರಾಗಿತ್ತು, ಸಹಿಗೆ ಕಾದಿತ್ತು. ಶುಕ್ರವಾರ ನೆಲದ ಮೇಲೆ ನಿಲ್ಲಿಸಿ ನಡೆಸುವ ಪರೀಕ್ಷೆಯಲ್ಲಿ ಪೆಟ್ಟಿಗೆ ಕಾದು ಹೊಗೆ ಎದ್ದಿತು. ಅಕ್ಕಪಕ್ಕದ ತಂತಿಗಳೆಲ್ಲ ಸುಟ್ಟವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ದೊಡ್ಡವರ ಕಣ್ಣೆದುರಿಗೇ ಆಯಿತು. ಇಡೀ ಕೆಲಸ ತಿಂಗಳುಗಟ್ಟಲೆ ಹಿಂದೆ ಬಿತ್ತು.

ತಾತ ಮನೆಗೆ ಬಂದವರು ಅರ್ಧ ತೆರೆದ ಬಾಗಿಲಲ್ಲೇ ನಿಂತರು. ಅವರ ಅಂಗಿಗೆ ಸುಟ್ಟ ರಬ್ಬರಿನ ವಾಸನೆ. "ಯಾರೋ ಬದಲಾಯಿಸಿದಾರೆ ಜಯಾ. ನನಗೆ ಹೇಳ್ಲಿಲ್ಲ" ಅಂದರು.

ವಿಚಾರಣೆಗೆ ಮೂವರ ಸಮಿತಿ ಕೂತಿತು. ಕೊನೆಯ ಸಹಿ ಯಾರದು ಎಂಬುದೇ ಅವರ ಪ್ರಶ್ನೆ. ತಾತ "ಏಕೆ" ಖಾನೆ ನೋಡಿ ಎಂದರು. ಅಲ್ಲಿ ಅವರು ತಮ್ಮ ಕೈಯಲ್ಲೇ ಬರೆದಿದ್ದರು: ಈಗಿನ ಪೆಟ್ಟಿಗೆಯ ಶಾಖಕ್ಕೆ ಮಾತ್ರ ಒಪ್ಪಿದೆ, ಪೆಟ್ಟಿಗೆ ಬದಲಾದರೆ ಮತ್ತೆ ನೋಡಬೇಕು. ಆದರೆ ಸಮಿತಿಯ ಮುಂದಿದ್ದದ್ದು ಟೈಪು ಮಾಡಿದ ಪ್ರತಿ. ಅದರಲ್ಲಿ ಆ ಖಾನೆಯೇ ಇರಲಿಲ್ಲ. ಹಾಳೆ ಚಿಕ್ಕದಾಗಲಿ ಎಂದು ಮೇಲಿನವರು ಆ ತಿಂಗಳಿಂದ ಟೈಪಿನ ಪ್ರತಿಯಲ್ಲಿ ಅದನ್ನು ತೆಗೆಸಿದ್ದರು. ತಾತ ಕೈಬರಹದ ಮೂಲ ಪ್ರತಿ ಕೇಳಿದರು. ಸಿಗುತ್ತಿಲ್ಲ ಎಂಬ ಉತ್ತರ ಬಂತು. ಒಂದು ಪ್ರತಿ ಮನೆಗೆ ತಂದಿಟ್ಟುಕೊಳ್ಳುವ ಬುದ್ಧಿ ಅವರಿಗೆ ಇರಲಿಲ್ಲ, ಅದು ನಿಯಮವಲ್ಲವಲ್ಲ.

ಬಸವರಾಜ ತಾಯಿಯ ಕ್ರಿಯೆ ಮುಗಿಸಿಕೊಂಡು ಬಂದ. ತಲೆ ಬೋಳಿಸಿತ್ತು. ಆ ಭಾನುವಾರ ನಮ್ಮ ಮನೆಗೆ ಬಂದು ನೆಲದ ಮೇಲೇ ಕೂತ. ನಾನು ಕಾಫಿ ತಂದೆ.

"ಸರ್, ನಾ ಫೋನ್ ಹಚ್ಚಿದ್ನಿರಿ ಶನಿವಾರ. ಸಹಿ ಹಾಕಬ್ಯಾಡ್ರಿ ಅಂತ ಹೇಳಾಕ ಹಚ್ಚಿದ್ದೆ."

ತಾತನ ಮುಖ ಅರಳಿತು. ಅದನ್ನು ನಾನು ನೋಡಿದೆ. ಎಷ್ಟೋ ದಿನದ ಮೇಲೆ ಅರಳಿದ ಮುಖ. ಹೇಳುವವನೊಬ್ಬನಾದರೂ ಹೇಳಲು ನೋಡಿದ್ದನಲ್ಲ ಎಂಬ ಸಂತೋಷ ಅದು. ನನ್ನ ಕಡೆ ತಿರುಗಿದರು.

"ಜಯಾ, ಅವತ್ತು ನಿಶ್ಚಿತಾರ್ಥದ ದಿನ ನೀನು ಅಲ್ಲೇ ಇದ್ಯಲ್ಲ. ಫೋನ್ ಬಂದಿತ್ತಾ?"

ಕೈಯಲ್ಲಿ ತಟ್ಟೆ ಇತ್ತು. ಹೌದು ಅಂದರೆ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು. ವಿಮಾನವನ್ನು ಸುಟ್ಟವಳು ನಾನೇ ಎಂದು ಆಗ ನನಗನಿಸಿತು.

"ಇಲ್ಲ" ಅಂದೆ.

ಬಸವರಾಜ ತಲೆಯೆತ್ತಿ ನನ್ನನ್ನು ನೋಡಿದ. ಒಂದೇ ಸಲ. ಐದು ಹೆಜ್ಜೆ ದೂರದಲ್ಲಿ ಮಲಗಿದ್ದ ರಿಸೀವರು ನನ್ನ ದನಿಯನ್ನು ಅವನಿಗೆ ಮುಟ್ಟಿಸಿರಬೇಕು. ಎಷ್ಟೋ ಭಾನುವಾರ ಬಾಗಿಲ ಹಿಂದಿನಿಂದ ಕೇಳಿದ್ದ ದನಿ ಅದು. ಕಾಫಿ ಲೋಟವನ್ನು ಕೆಳಗಿಟ್ಟ.

"ವೈನಿ ಇಲ್ಲ ಅಂದ್ರ ಇಲ್ಲ ಬಿಡ್ರಿ ಸರ್. ಅವಸರದಾಗ ನಾನ ಬ್ಯಾರೆ ನಂಬರ್ ಹಚ್ಚಿರಬೇಕು."

"ಬೇರೆ ನಂಬರಾ? ಈಗ ತಾನೇ ಮಾಡಿದ್ದೆ ಅಂದ್ಯಲ್ಲಯ್ಯಾ?"

"ತಪ್ಪಾತ್ರಿ ಸರ್."

ಅವನು ಎದ್ದು ಹೋದ. ಮೆಟ್ಟಿಲಿಗೂ ಬಾಗಿಲಿಗೂ ನಡುವೆ ಅಡ್ಡಲಾಗಿ ನುಸುಳಿ, ತಿರುಗಿ ನೋಡದೆ ಹೋದ. ತಾತ ಆ ಕಾಫಿಯನ್ನು ಬಚ್ಚಲಿಗೆ ಸುರಿದರು. "ನಾನು ಇವನನ್ನ ಮಗನ ತರ ನೋಡಿದೆ. ತಪ್ಪಿಸ್ಕೊಳ್ಳೋಕೆ ನನ್ನ ಮನೇಲೇ ಕೂತು ಸುಳ್ಳು ಹೇಳ್ತಾನೆ" ಅಂದರು.

ಸಮಿತಿಯ ಮುಂದೆ ಬಸವರಾಜ ಫೋನಿನ ಮಾತೇ ಎತ್ತಲಿಲ್ಲ. ನಿಮಗೆ ಯಾರಾದರೂ ತಿಳಿಸಿದ್ದರೇ ಎಂದು ತಾತನನ್ನು ಕೇಳಿದರು. ಇಲ್ಲ ಎಂದು ಅವರು ಬರೆದುಕೊಟ್ಟರು. ಗೊತ್ತಿದ್ದೂ ತಿಳಿಸದವನು ಬಸವರಾಜ, ನೋಡದೆ ಸಹಿ ಹಾಕಿದವರು ಶ್ರೀಕಂಠಯ್ಯ ಎಂದು ಮುಗಿಯಿತು. ಹಾಳೆ ಆಮೇಲೆ ಕಳಿಸಿದರಾಯಿತು ಎಂದವರಿಗೆ, ಖಾನೆ ತೆಗೆಸಿದವರಿಗೆ ಏನೂ ಆಗಲಿಲ್ಲ. ಅವರಲ್ಲೊಬ್ಬರಿಗೆ ಬಡ್ತಿಯೂ ಆಯಿತು.

ಈ ನಡುವೆ ಒಂದು ದಿನ ಮುನಿಯಪ್ಪನವರ ಹೆಂಡತಿ ಲಕ್ಷ್ಮಮ್ಮ ಬಟ್ಟೆ ಒಣಗಿಸುತ್ತಾ ಕೇಳಿದರು: "ಅಲ್ಲ ಜಯಮ್ಮೋರೆ, ಅವತ್ತು ನಿಮ್ಗೆ ಫೋನು ಬಂದಿತ್ತಂತೆ, ನಮ್ ಮಂಜಿ ಅಂದ್ಲು. ಏನು, ಊರಿಂದಾನಾ?"

ನಾನು ಅವರ ಕೈ ಹಿಡಿದುಕೊಂಡೆ. "ಲಕ್ಷ್ಮಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಇವರ ಮುಂದೆ ಆ ಮಾತು ಎತ್ತಬೇಡಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನು ಅಂದುಕೊಂಡರೋ. "ನಂಗ್ಯಾಕಮ್ಮ ಊರ ಉಸಾಬರಿ" ಅಂದು ಒದ್ದೆ ಸೀರೆ ಕೊಡವಿದರು. ಅವತ್ತಿನಿಂದ ಅವರ ಅಡಿಗೆಮನೆಗೆ ನನ್ನನ್ನು ಕರೆಯಲಿಲ್ಲ.

ಬಸವರಾಜನನ್ನು ದೂರದ ಯಾವುದೋ ರಾಜ್ಯಕ್ಕೆ ಹಾಕಿದರು ಎಂದು ಕೇಳಿದ ದಿನ ನಾನು ಗಟ್ಟಿ ಮನಸ್ಸು ಮಾಡಿದೆ. ಯಾರಿಗೂ ಹೇಳದೆ ಬನಶಂಕರಿಗೆ ಬಂದು, ಬಸ್ಸು ಬದಲಿಸಿ, ಬಿಟಿಎಂಗೆ ಹೋದೆ. ತಾತನ ಕೈಬರಹದಲ್ಲಿದ್ದ ವಿಳಾಸ ಹಿಡಿದು ಮನೆ ಹುಡುಕಿದೆ. ಅವನ ಕಾಲು ಹಿಡಿದು, ಆಮೇಲೆ ಅವನನ್ನು ಕರೆತಂದು ತಾತನ ಮುಂದೆ ಹೇಳಿಬಿಡುವುದು ಎಂದಿತ್ತು. ಮನೆಯ ಜಗಲಿಯಲ್ಲಿ ಮೂರ್ನಾಲ್ಕು ಹುಡುಗರು ಕೂತು ಇಸ್ಪೀಟು ಆಡುತ್ತಿದ್ದರು. "ಯಾರು ಬೇಕು ಆಂಟಿ?" ಅಂತ ಒಬ್ಬ ಕೇಳಿದ. ಒಳ್ಳೆಯ ಹುಡುಗನೇ, ಎದ್ದು ನಿಂತು ಕೇಳಿದ. ಮಾಡಿನ ಕೆಳಗೆ ತಂತಿಯ ಮೇಲೆ ಬಸವರಾಜನ ನೀಲಿ ಅಂಗಿ ಒಣಗುತ್ತಿತ್ತು.

"ಯಾರೂ ಇಲ್ಲಪ್ಪ, ಮನೆ ತಪ್ಪಾಯ್ತು" ಅಂದೆ.

ಅದೂ ಸುಳ್ಳೇ. ಹಾಗಾದರೆ ಎರಡಾಯಿತು.

ಅವನು ಆ ಹೊಸ ಊರಿನಲ್ಲಿ ಕೆಲಸ ಬಿಟ್ಟ ಎಂದು ಮಾತ್ರ ಆಮೇಲೆ ತಿಳಿಯಿತು. ಎಲ್ಲಿಗೆ ಹೋದನೋ ಗೊತ್ತಿಲ್ಲ. ತಾತನನ್ನು ಹಳೆಯ ನಕ್ಷೆಗಳನ್ನು ಇಡುವ ಕೋಣೆಗೆ ಹಾಕಿದರು. ಅಲ್ಲೇ ಧೂಳು ಕೊಡವುತ್ತಾ ನಿವೃತ್ತಿಯವರೆಗೆ ಇದ್ದರು. ನಾವು ಉತ್ತರಹಳ್ಳಿಯ ಈ ಮನೆಗೆ ಬಂದ ಮೇಲೆ, ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಚೌಕ ಚೌಕ ಬರೆದು ಗೆರೆ ಎಳೆಯುತ್ತಿದ್ದರು. ಪೆಟ್ಟಿಗೆ ಅಂತ ಒಂದು ಚೌಕ, ಕೊಳವೆ ಅಂತ ಒಂದು, ಬಸವರಾಜ ಅಂತ ಒಂದು, "ನಾನು" ಅಂತ ಅವರದೇ ಒಂದು. ಬಸವರಾಜನಿಂದ ಅವರಿಗೆ ಬರುವ ಗೆರೆಯ ನಡುವೆ ಒಂದು ಖಾಲಿ ಚೌಕ.

"ಇಲ್ಲೆಲ್ಲೋ ಕೊಂಡಿ ತಪ್ಪಿದೆ ಜಯಾ. ಅವನು ಅಂಥವನಲ್ಲ, ಸುಳ್ಳು ಹೇಳೋನಲ್ಲ. ಆದ್ರೆ ನೀನು ಇಲ್ಲ ಅಂದೆ. ನೀನಂತೂ ಹೇಳೋಲ್ಲ."

ಎಲ್ಲ ವಿಭಾಗವನ್ನೂ, ಎಲ್ಲ ಮೇಜನ್ನೂ ಅವರು ಅದರಲ್ಲಿ ಬರೆದಿದ್ದರು. ನಮ್ಮ ಮನೆಯನ್ನು ಬರೆದಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ವರ್ಷಗಟ್ಟಲೆ ಹೀಗೇ ಸುಲಿದೆ. ಕೊನೆಗೆ ಆಸ್ಪತ್ರೆಯಲ್ಲಿ ಅವರ ಬಾಯಿಗೆ ನೀರು ಬಿಡುವಾಗಲೂ ಹೇಳಬಹುದಿತ್ತು, ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆಗ ನಾಚಿಕೆ ಎನ್ನಲು ಯಾವ ಗಂಡಸರೂ ಎದುರಿಗಿರಲಿಲ್ಲ. ಆದ್ದರಿಂದ ಅದು ನಾಚಿಕೆಯಲ್ಲ ಎಂದು ನನಗೆ ಗೊತ್ತಾಯಿತು. ಅದರ ಹೆಸರು ಬೇರೆ.

ಮಕ್ಕಳೇ, ಮೇಲಿನವರು ತಾತನಿಗೆ ಮಾಡಿದ ಅನ್ಯಾಯವನ್ನು ನಿಮ್ಮ ಅಪ್ಪ ಹೇಳುತ್ತಿರುತ್ತಾನೆ. ಅದು ನಿಜ. ಆ ಉರಿ ನನಗೂ ಆರಿಲ್ಲ. ಆದರೆ ಅವನು ಬಸವರಾಜನ ಹೆಸರನ್ನೂ ಆ ಸಾಲಿನಲ್ಲೇ ಸೇರಿಸಿ ಬೈಯುತ್ತಾನೆ. ಇನ್ನು ಹಾಗೆ ಬೈಯಲು ಬಿಡಬೇಡಿ. ಇದನ್ನು ಅವನಿಗೆ ಓದಿ ಹೇಳಿ. ನಾನು ಇರುವಾಗಲೇ ಓದಿದರೂ ಸರಿ, ಅವನು ನನ್ನ ಹತ್ತಿರ ಮಾತು ಬಿಟ್ಟರೂ ಸರಿ.

ಆ ನೋಟ್‌ಬುಕ್ಕು ನನ್ನ ಕಬ್ಬಿಣದ ಟ್ರಂಕಿನಲ್ಲಿದೆ, ತಾತನ ಶಾಲಿನ ಕೆಳಗೆ. ಖಾಲಿ ಚೌಕವಿರುವ ಪುಟದಲ್ಲಿ ಈ ಹಾಳೆಗಳನ್ನು ಮಡಿಸಿ ಇಡುತ್ತೇನೆ. ಚೌಕದೊಳಗೆ ಇವತ್ತು ಬೆಳಿಗ್ಗೆ ನನ್ನ ಹೆಸರು ಬರೆದೆ, ಪೂರ್ತಿ ಹೆಸರು. ಗೆದ್ದಲು ಹತ್ತದಂತೆ ನೋಡಿಕೊಳ್ಳಿ, ಒಂದರಿಂದ ಒಂದನ್ನು ಬೇರೆ ಮಾಡಬೇಡಿ. ಗದಗಿನ ಕಡೆಯ ಬಸವರಾಜ ಎಂಬುವರು, ಈಗ ವಯಸ್ಸಾಗಿರುತ್ತದೆ, ಯಾವತ್ತಾದರೂ ಸಿಕ್ಕರೆ ಅವರ ಕೈಗೆ ಕೊಡಿ. ವೈನಿ ಫೋನಿಗೆ ಬಂದಿದ್ದಾರೆ ಎಂದು ಹೇಳಿ.